ನಿಯಮ ಬದಲಾಗಬೇಕು ಎಂದು ಬರೆಯುವ ಮುನ್ನ

ಬಾಗಲಕೋಟೆ ಜಿಲ್ಲೆಯ ಒಂದು ಸಿವಿಲ್ ನ್ಯಾಯಾಲಯಕ್ಕೆ ಶಿರಸ್ತೇದಾರನಾಗಿ, ಅಂದರೆ ಕಚೇರಿಯ ಮೇಲ್ವಿಚಾರಕನಾಗಿ, ಬಂದ ಮೊದಲ ವರ್ಷ, ಜಾರಿಯಾಗದೆ ಮರಳಿದ ಸಮನ್ಸುಗಳ ಕಟ್ಟನ್ನು ಬಿಚ್ಚಿ ನೋಡುತ್ತಿದ್ದೆ. ಒಂದು ಸಮನ್ಸಿನ ಬೆನ್ನಿಗೆ, ಅದನ್ನು ಜಾರಿ ಮಾಡಲು ಹೋಗಿದ್ದ ಬೇಲಿಫ್ ಬರೆದ ಷರಾ ಹೀಗಿತ್ತು: ‘ಸದರಿ ಮನೆ ಹಿನ್ನೀರಿನಲ್ಲಿ ಮುಳುಗಡೆಯಾಗಿರುತ್ತದೆ.’ ಪ್ರತಿವಾದಿ ಸಿಗದಿದ್ದರೆ ಹೊರಬಾಗಿಲಿಗೆ ನಕಲು ಅಂಟಿಸಿ ಬರಬೇಕಿತ್ತಲ್ಲ ಎಂದು ಕೇಳಿದೆ. ‘ಸರ, ಅಂಟಸಾಕ ಬಾಗಲಾ ಎಲ್ಲೈತ್ರಿ? ಮನಿ ನೀರಾಗ ಹೋಗಿ ಎಷ್ಟ ವರ್ಷ ಆತು’ ಎಂದರು.

ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಕುಟುಂಬಗಳು ನವನಗರದ ಸೆಕ್ಟರುಗಳಿಗೂ ಪುನರ್ವಸತಿ ಕೇಂದ್ರಗಳಿಗೂ ಹೋಗಿ ನೆಲೆಸಿದ್ದರೂ ದಾವೆಗಳಲ್ಲಿ ಹಳೆಯ ಊರಿನ ವಿಳಾಸವೇ ಬರುತ್ತಿತ್ತು. ಕಾರ್ಯವಿಧಾನದ ನಿಯಮಗಳಲ್ಲಿ ಏನಾದರೂ ತೊಡಕಿದ್ದರೆ ತಿಳಿಸಬೇಕೆಂಬ ಪತ್ರವೂ ಆಗಲೇ ನಮ್ಮ ಕಚೇರಿಗೆ ಬಂದಿತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೆಯ ಆದೇಶದಲ್ಲಿ ಹೊರಬಾಗಿಲಿಗೆ ನಕಲು ಅಂಟಿಸಬೇಕೆನ್ನುವ 17ನೆಯ ನಿಯಮ ನಮ್ಮ ಭಾಗಕ್ಕೆ ಹೊಂದುವುದಿಲ್ಲ, ಅದನ್ನು ಬದಲಿಸಬೇಕು ಎಂದು ನಾನು ಮೂರು ಪುಟ ಬರೆದೆ. ನಮ್ಮ ನ್ಯಾಯಾಧೀಶರಾದ ಸಾಹೇಬರು ಅದನ್ನು ಪೂರ್ತಿ ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ‘ಯಾವ ಪದ ಬದಲಾಗಬೇಕು? ಬದಲಿಗೆ ಯಾವ ಪದ?’ ಎಂದು ಬರೆದು ಮರಳಿಸಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ವಾರ ಸಂಜೆ ಹೊತ್ತು ಸಂಹಿತೆಯನ್ನು ಮುಂದಿಟ್ಟುಕೊಂಡು ಕುಳಿತಾಗ, ಇಷ್ಟು ವರ್ಷ ಬಳಸಿದ ಪುಸ್ತಕದ ರಚನೆಯೇ ನನಗೆ ಸರಿಯಾಗಿ ತಿಳಿದಿರಲಿಲ್ಲ ಎಂಬುದು ಗೊತ್ತಾಯಿತು. 1908ರ ಈ ಸಂಹಿತೆಯ ಮುಖ್ಯ ಭಾಗವಾದ ಕಲಂಗಳನ್ನು ಬದಲಿಸುವುದು ಶಾಸನಸಭೆಗಳ ಕೆಲಸ. ಒಂದನೆಯ ಅನುಸೂಚಿಯಲ್ಲಿರುವ ಆದೇಶ ಮತ್ತು ನಿಯಮಗಳನ್ನಾದರೆ, ಕಲಂಗಳಿಗೆ ವಿರೋಧವಾಗದಂತೆ, ಉಚ್ಚ ನ್ಯಾಯಾಲಯವೇ 122ನೆಯ ಕಲಮಿನ ಪ್ರಕಾರ ರದ್ದುಪಡಿಸಬಹುದು, ತಿದ್ದಬಹುದು, ಹೊಸದನ್ನು ಸೇರಿಸಬಹುದು. ಆದರೆ ಅದು ಒಬ್ಬರ ಸಹಿಯಿಂದ ಆಗುವ ಕೆಲಸವಲ್ಲ. ಉಚ್ಚ ನ್ಯಾಯಾಲಯದ ಮೂವರು ನ್ಯಾಯಾಧೀಶರು, ಇಬ್ಬರು ವಕೀಲರು ಮತ್ತು ಅಧೀನ ಸಿವಿಲ್ ನ್ಯಾಯಾಲಯದ ಒಬ್ಬ ನ್ಯಾಯಾಧೀಶರು ಇರುವ ನಿಯಮ ಸಮಿತಿ ವರದಿ ಕೊಡಬೇಕು. ಕರಡನ್ನು ಮೊದಲೇ ಪ್ರಕಟಿಸಬೇಕು. ರಾಜ್ಯ ಸರ್ಕಾರದ ಪೂರ್ವಾನುಮೋದನೆ ಪಡೆಯಬೇಕು. ರಾಜಪತ್ರದಲ್ಲಿ ಬಂದ ಮೇಲೆಯೇ ಅದಕ್ಕೆ ಮೂಲ ನಿಯಮದಷ್ಟು ಬಲ. ಆ ಮೂವರು ನ್ಯಾಯಾಧೀಶರಲ್ಲಿ ಒಬ್ಬರಾದರೂ ಮೂರು ವರ್ಷ ಜಿಲ್ಲಾ ನ್ಯಾಯಾಧೀಶರಾಗಿ ಅಥವಾ ವಿಭಾಗೀಯ ನ್ಯಾಯಾಧೀಶರಾಗಿ ಕೆಲಸ ಮಾಡಿರಬೇಕು ಎಂದು 123ನೆಯ ಕಲಂ ಹೇಳುತ್ತದೆ. ಕೆಳಗಿನ ನ್ಯಾಯಾಲಯಗಳ ಪಡಿಪಾಟಲು ಬಲ್ಲವರೊಬ್ಬರು ಅಲ್ಲಿ ಕುಳಿತಿರುತ್ತಾರೆ ಎಂಬುದನ್ನು ಓದಿ ನನಗೆ ನಿಜವಾಗಿ ಧೈರ್ಯ ಬಂತು.

ಅದೇ ಆದೇಶದ 20ನೆಯ ನಿಯಮವನ್ನು ಪದಪದವಾಗಿ ಓದಿದ್ದೂ ಆಗಲೇ. ಸಾಮಾನ್ಯ ರೀತಿಯಲ್ಲಿ ಸಮನ್ಸ್ ಜಾರಿಯಾಗದಿದ್ದಾಗ ನ್ಯಾಯಾಲಯದ ಕಟ್ಟಡದಲ್ಲಿ ಎದ್ದು ಕಾಣುವ ಕಡೆ ಒಂದು ನಕಲನ್ನೂ ಪ್ರತಿವಾದಿ ಕೊನೆಗೆ ವಾಸವಿದ್ದ ಮನೆಯ ಮೇಲೆ ಇನ್ನೊಂದನ್ನೂ ಅಂಟಿಸಬೇಕು ಎನ್ನುವ ಆ ನಿಯಮದಲ್ಲಿ, ‘ಮನೆ’ ಎಂಬುದರ ಪಕ್ಕದಲ್ಲೇ ಆವರಣದೊಳಗೆ ‘ಇದ್ದರೆ’ ಎಂಬ ಮಾತಿದೆ. ಇಲ್ಲವೇ ನ್ಯಾಯಾಲಯಕ್ಕೆ ಸರಿಕಂಡ ಬೇರೆ ರೀತಿಯಲ್ಲಿ ಜಾರಿ ಮಾಡಬಹುದು. ಮನೆಯೇ ಇಲ್ಲದ ಸ್ಥಿತಿಗೂ ನಿಯಮದಲ್ಲಿ ದಾರಿಯಿತ್ತು. ನಾನು ಬದಲಿಸಿ ಎಂದು ಕೇಳಿದ್ದು ಬದಲಿಸಬೇಕಾದದ್ದೇ ಆಗಿರಲಿಲ್ಲ.

ಹಾಗೆಂದು ಬೇಲಿಫರ ತೊಂದರೆ ಸುಳ್ಳಾಗಲಿಲ್ಲ. ಬದಲಿ ಜಾರಿ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರೆ ಅದು ಪ್ರತಿವಾದಿಯ ಕಣ್ಣಿಗೆ ಬೀಳದೆ ಹೋಗಬಹುದು, ಆತನಿಲ್ಲದೆಯೇ ಏಕಪಕ್ಷೀಯ ಡಿಕ್ರಿಯಾಗುತ್ತದೆ, ಆ ಡಿಕ್ರಿಯ ಜಾರಿಗೆ ದರಖಾಸ್ತು ಹಾಕಿದಾಗ ಆತ ಓಡಿ ಬಂದು ಅದನ್ನು ರದ್ದುಪಡಿಸಿ ಎಂದು 9ನೆಯ ಆದೇಶದ 13ನೆಯ ನಿಯಮದಡಿ ಅರ್ಜಿ ಕೊಡುತ್ತಾನೆ, ಡಿಕ್ರಿ ರದ್ದಾದರೆ ದಾವೆ ಮೊದಲಿನಿಂದ ನಡೆಯುತ್ತದೆ. ದೋಷವಿದ್ದದ್ದು ದಾವಾಪತ್ರದ ವಿಳಾಸದಲ್ಲಿ, ಅದನ್ನು ಹಾಗೇ ಬಿಟ್ಟುಕೊಂಡ ನಮ್ಮ ಪರಿಶೀಲನೆಯಲ್ಲಿ. ಆ ದಾವಾಪತ್ರಗಳಲ್ಲಿ ಕೆಲವನ್ನು ನಾನೇ ಪರಿಶೀಲಿಸಿದ್ದೆ.

ಮೂರು ಪುಟದ ಆ ಪತ್ರವನ್ನು ಹಿಂದಕ್ಕೆ ತೆಗೆದುಕೊಂಡು ನಾಲ್ಕು ಸಾಲಿನ ಟಿಪ್ಪಣಿ ಇಟ್ಟೆ: ಮುಳುಗಡೆ ಊರಿನ ವಿಳಾಸ ಬಂದಾಗ ಪುನರ್ವಸತಿ ಕೇಂದ್ರದ ಹೆಸರು, ಸೆಕ್ಟರ್ ಮತ್ತು ನಿವೇಶನದ ಸಂಖ್ಯೆಯನ್ನು ದಾವೆ ದಾಖಲಿಸುವಾಗಲೇ ವಕೀಲರಿಂದ ಕೇಳಿ ಪಡೆಯುವುದು. ಇದಕ್ಕೆ ನಿಯಮ ಸಮಿತಿಯೂ ಬೇಕಿರಲಿಲ್ಲ, ರಾಜಪತ್ರವೂ ಬೇಕಿರಲಿಲ್ಲ. ಸಾಹೇಬರು ಅಂದೇ ಒಪ್ಪಿದರು, ಪರಿಶೀಲನಾ ಹಾಳೆಗೆ ಒಂದು ಸಾಲು ಸೇರಿತು. ಸಮನ್ಸ್ ಜಾರಿಯನ್ನು ನೋಡಿಕೊಳ್ಳುವ ನಾಜರ್ ಶಾಖೆಯಿಂದ ಆ ಹಳೆಯ ಸಮನ್ಸ್ ನವನಗರದ ವಿಳಾಸಕ್ಕೆ ಮತ್ತೆ ಹೋಯಿತು, ಈ ಸಲ ಪ್ರತಿವಾದಿಯ ಸಹಿಯೊಂದಿಗೆ ಮರಳಿ ಬಂತು.