‘ಕಾರ್ಡ್ ಮತ್ತೆ ಹಾಕುವ’ ಅನ್ನುವವರಿಗೆ ಯಾವ ಪ್ರೊಸೆಸರ್?

ಬದಿಯಡ್ಕದ ಕಡೆ ಕಂಪ್ಯೂಟರ್ ಜೋಡಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಕಡಿಮೆ ದುಡ್ಡಿನಲ್ಲಿ ಗೇಮಿಂಗ್ ಪಿಸಿ ಕೇಳಿಕೊಂಡು ಬರುವವರು ಹೆಚ್ಚಾಗಿ ಪ್ಲಸ್ ಟು, ಡಿಗ್ರಿ ಮಕ್ಕಳು. ಜೊತೆಗೆ ಅಪ್ಪನೋ ಸೋದರಮಾವನೋ ಇರುತ್ತಾರೆ. ಹುಡುಗ ವಿಡಿಯೋ ನೋಡಿ ಪ್ರೊಸೆಸರ್ ಹೆಸರನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡೇ ಬಂದಿರುತ್ತಾನೆ. ದುಡ್ಡು ಕೊಡುವವರದ್ದು ಒಂದೇ ಪ್ರಶ್ನೆ: “ಐ7 ಅಲ್ವಾ ಒಳ್ಳೆಯದು?” ಇಬ್ಬರಿಗೂ ಉತ್ತರ ಹೇಳುವ ಮೊದಲು ನಾನು ಕೇಳುವುದು ಇಷ್ಟು: ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರಗಳನ್ನು ಪರದೆಗೆ ತರುವ ಬೇರೆಯೇ ಬಿಡಿಭಾಗ) ಈಗಲೇ ಹಾಕುವುದೋ, ಮತ್ತೆ ಹಾಕುವುದೋ, ಹಾಕುವುದೇ ಇಲ್ಲವೋ?

ಪ್ರೊಸೆಸರ್ ಆಯ್ಕೆ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತದೆ.

ಇಂಟೆಲ್ ಹೆಸರಿನ ಕೊನೆಗೆ ಎಫ್ ಇದ್ದರೆ, ಅಂದರೆ ಐ3-12100ಎಫ್, ಐ5-12400ಎಫ್ ಇಂಥವುಗಳಲ್ಲಿ, ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಇಲ್ಲದೆ ಪರದೆಯ ಮೇಲೆ ಏನೂ ಬರುವುದಿಲ್ಲ. ಎಎಮ್‌ಡಿಯಲ್ಲಿ ಕೊನೆಗೆ ಜಿ ಇದ್ದರೆ ಸಣ್ಣ ಮಟ್ಟಿನ ಆಟಗಳಿಗೆ ಸಾಕಾಗುವ ಗ್ರಾಫಿಕ್ಸ್ ಒಳಗೇ ಉಂಟು. ‘ಮುಂದಿನ ತಿಂಗಳು ದುಬಾಯಿಯಿಂದ ಅಣ್ಣ ತರ್ತಾನೆ’ ಅಂದರೆ ನಾನು ಧೈರ್ಯವಾಗಿ ಎಫ್ ಹಾಕಿಕೊಡುತ್ತೇನೆ. ‘ಅಡಿಕೆ ಮಾರಿದ ಮೇಲೆ ನೋಡುವ’ ಅಂದರೆ ಜಿ. ಎರಡು ವರ್ಷ ಕಳೆದು ಧೂಳು ತೆಗೆಸಲು ಬರುವ ಇಂಥ ಪಿಸಿಗಳನ್ನು ಬಿಚ್ಚಿದಾಗ ಹೆಚ್ಚಿನವುಗಳಲ್ಲಿ ಕಾರ್ಡಿನ ಸ್ಲಾಟ್ ಖಾಲಿಯೇ ಇರುತ್ತದೆ. ಅಷ್ಟು ದಿನವೂ ಆ ಮಕ್ಕಳು ಆಡಿದ್ದು ಜಿ ಕೊಟ್ಟ ಗ್ರಾಫಿಕ್ಸ್‌ನಲ್ಲೇ.

ಹಾಗಂತ ಎಲ್ಲರಿಗೂ ಜಿ ಕೊಡುವುದೂ ಸರಿಯಲ್ಲ. ಎಎಮ್‌ಡಿಯ ರೈಜನ್ 5 5600ಜಿ ಮತ್ತು 5600 ಎರಡಕ್ಕೂ 6 ಕೋರ್ (ಕೆಲಸ ಮಾಡುವ ಘಟಕ), 12 ಥ್ರೆಡ್ (ಒಟ್ಟಿಗೆ ನಡೆಸುವ ಕೆಲಸದ ಸಾಲು). ಹೆಸರು ನೋಡಿದರೆ ಅಣ್ಣತಮ್ಮಂದಿರೇ ಅನ್ನಿಸುತ್ತದೆ. ಒಳಗಿನ ವ್ಯವಸ್ಥೆ ಮಾತ್ರ ಬೇರೆ. 2021ರ 5600ಜಿಯಲ್ಲಿ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್ ಒಳಗೇ ಇರುವ ಸಣ್ಣ, ವೇಗದ ಮೆಮೊರಿ, 16 ಎಂಬಿ, 2022ರ 5600ರಲ್ಲಿ 32 ಎಂಬಿ. ಆಟ ನಡೆಯುವಾಗ ಪದೇ ಪದೇ ಬೇಕಾಗುವ ಮಾಹಿತಿ ಕ್ಯಾಶ್‌ನಲ್ಲಿ ಸಿಗದಿದ್ದರೆ ಪ್ರೊಸೆಸರ್ ರ‍್ಯಾಮ್ ತನಕ ಹೋಗಿ ಕಾಯಬೇಕು. ಅದಕ್ಕೇ ಎರಡಕ್ಕೂ ಅದೇ ಒಳ್ಳೆಯ ಕಾರ್ಡ್ ಹಾಕಿದರೂ 5600 ಮುಂದೆ ಇರುತ್ತದೆ. ಇನ್ನೊಂದು ವ್ಯತ್ಯಾಸ ಕಾರ್ಡಿಗೆ ಹೋಗುವ ದಾರಿಯದ್ದು. 5600ಜಿಯದ್ದು ಪಿಸಿಐ ಎಕ್ಸ್‌ಪ್ರೆಸ್ 3.0, 5600ರದ್ದು, ಬಿ550 ಮದರ್‌ಬೋರ್ಡ್‌ನಲ್ಲಿ ಕೂರಿಸಿದರೆ, 4.0. ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್ ಬಳಸುವುದು ಆ ದಾರಿಯ ನಾಲ್ಕೇ ಲೇನ್ (ಮಾಹಿತಿ ಸಾಗುವ ಸಾಲು). 3.0ರಲ್ಲಿ ಆ ದಾರಿ ಇನ್ನೂ ಅರ್ಧಕ್ಕೆ ಇಳಿಯುತ್ತದೆ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಆಟ ತಡೆದು ತಡೆದು ಓಡುತ್ತದೆ. 8 ಲೇನ್, 8 ಜಿಬಿ ಇರುವ ಆರ್‌ಎಕ್ಸ್ 6600ಕ್ಕೆ ಈ ತೊಂದರೆ ಬಹಳ ಕಡಿಮೆ. ಜಿ ಇರುವವರು ಮುಂದೆ ಕಾರ್ಡ್ ಹುಡುಕುವಾಗ ಇದನ್ನು ನೆನಪಿಡಬೇಕು.

ಜಿ ತೆಗೆದುಕೊಂಡವರ ಕಷ್ಟ ಹೆಚ್ಚಾಗಿ ರ‍್ಯಾಮ್‌ನಲ್ಲಿ. “ಅಣ್ಣಾ, ಫ್ರೇಮ್ ಬೀಳ್ತಾ ಉಂಟು, ಪ್ರೊಸೆಸರ್ ಬದಲಿಸ್ಬೇಕಾ?” ಅಂತ ನೀರ್ಚಾಲಿನಿಂದ ಒಬ್ಬ ಹುಡುಗ ಪಿಸಿ ಹೊತ್ತುಕೊಂಡು ಬಂದಿದ್ದ. ಬಿಚ್ಚಿ ನೋಡಿದರೆ 16 ಜಿಬಿಯ ಒಂದೇ ಸ್ಟಿಕ್. ಜಿ ಪ್ರೊಸೆಸರ್‌ನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳಬೇಕು. ಡಿಡಿಆರ್4 3200ರ ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ, ಎರಡು ಹಾಕಿದರೆ 51.2. ಆ 16ರ ಬದಲಿಗೆ 8 ಜಿಬಿಯ ಎರಡು ಹಾಕಿ ಓಡಿಸಿ ತೋರಿಸಿದೆ. ಪ್ರೊಸೆಸರ್ ಮಾತು ಅವನು ಮತ್ತೆ ಎತ್ತಲಿಲ್ಲ. 2025ರ ಕೊನೆಯಿಂದ ರ‍್ಯಾಮ್ ದರ ವಿಪರೀತ ಏರಿದ್ದರಿಂದ ‘ಸದ್ಯಕ್ಕೆ ಒಂದು ಸಾಕು’ ಅನ್ನುವವರು ಜಾಸ್ತಿಯಾಗಿದ್ದಾರೆ. ಜಿ ಪ್ರೊಸೆಸರ್‌ಗೆ ಮಾತ್ರ ದಯವಿಟ್ಟು ಹಾಗೆ ಮಾಡಬೇಡಿ.

ಇನ್ನು ಆ ಐ7. ಆಫೀಸುಗಳಿಂದ ಹೊರಬಿದ್ದ ಹಳೆಯ ಐ7-3770 ಪಿಸಿಗಳು ಅಗ್ಗಕ್ಕೆ ಸಿಗುತ್ತವೆ. ಹಿರಿಯರಿಗೆ ನಾನು ಹೇಳುವುದು: “ಐ7 ಅನ್ನುವುದು ಮನೆತನದ ಹೆಸರು ಮಾರಾಯ್ರೆ, ಯಾವ ತಲೆಮಾರಿನವರು ಅಂತ ನೋಡ್ಬೇಕು.” 3770 ಮೂರನೇ ತಲೆಮಾರಿನದ್ದು, ಬಂದದ್ದು 2012ರಲ್ಲಿ. 2022ರ ಐ3-12100ಎಫ್‌ಗೂ ಅದೇ 4 ಕೋರ್, 8 ಥ್ರೆಡ್, ಆದರೆ ಆಟದಲ್ಲಿ ಈ ಐ3 ಎಷ್ಟೋ ಮುಂದೆ. ವಿಂಡೋಸ್ 11 ಅಧಿಕೃತವಾಗಿ ಸಿಗುವುದು ಇಂಟೆಲ್‌ನ 8ನೇ ತಲೆಮಾರಿನಿಂದ ಈಚೆಗೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಏನೋ ಮಾಡಿ ಹಳೆಯದಕ್ಕೆ 11 ಹಾಕಿದರೂ ವ್ಯಾಲೊರಂಟ್ ಆಟ ಅಲ್ಲಿ ಟಿಪಿಎಂ 2.0 (ಸುರಕ್ಷತೆಯ ಚಿಪ್), ಸೆಕ್ಯೂರ್ ಬೂಟ್ (ಪಿಸಿ ಶುರುವಾಗುವಾಗಿನ ಸುರಕ್ಷತಾ ತಪಾಸಣೆ) ಎರಡನ್ನೂ ಕೇಳುತ್ತದೆ; ಆ ಕಾಲದ ಪಿಸಿಗಳಲ್ಲಿ ಟಿಪಿಎಂ 2.0 ಇರುವುದಿಲ್ಲ. ಹುಡುಗ ಆಡಬೇಕೆಂದಿರುವುದೇ ವ್ಯಾಲೊರಂಟ್ ಆದರೆ ಆ ದುಡ್ಡು ಹೋದ ಹಾಗೇ.

ಮಾನಿಟರ್ 60 ಹರ್ಟ್ಸ್‌ನದ್ದಾದರೆ ಅದು ಸೆಕೆಂಡಿಗೆ 60 ಚಿತ್ರಕ್ಕಿಂತ ಹೆಚ್ಚು ತೋರಿಸುವುದಿಲ್ಲ, ಹಾಗಾಗಿ ದುಬಾರಿ ಪ್ರೊಸೆಸರ್ ಬೇಡ. ಒಂದು ಮೆಟ್ಟಿಲು ಮೇಲಿನ ಪ್ರೊಸೆಸರ್‌ಗಾಗಿ ಪವರ್ ಸಪ್ಲೈಯಲ್ಲಿ ಉಳಿಸುವುದನ್ನು ನಾನು ಒಪ್ಪುವುದೇ ಇಲ್ಲ. ಕರೆಂಟ್ ಹೋಗಿ ಬಂದು ಮಾಡುವ ನಮ್ಮೂರಿಗೆ ಅದೂ ಯುಪಿಎಸ್ಸೂ ಮೊದಲು. ಸಿಡಿಲಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡುವಾಗ ನೆಟ್ ಕೇಬಲನ್ನೂ ಕಿತ್ತಿಡಿ.

ಮಂಗಳೂರಿನಿಂದ ಬಿಡಿಭಾಗ ತಂದು ಜೋಡಿಸಲು ಕೊಡುವವರೂ ಇದ್ದಾರೆ. ಹಳೆಯ ಬಿ450 ಬೋರ್ಡ್‌ಗೆ 5600 ಕೂರಿಸುವುದಾದರೆ ಅದರ ಬಯಾಸ್ (ಪಿಸಿಯನ್ನು ಶುರು ಮಾಡಿಸುವ, ಬೋರ್ಡ್ ಒಳಗಿನ ಸಾಫ್ಟ್‌ವೇರ್) ಹೊಸತಾಗಿರಬೇಕು, ಇಲ್ಲದಿದ್ದರೆ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ. ಬಯಾಸ್ ಅಪ್‌ಡೇಟ್ ಆಗಿದೆಯಾ ಅಂತ ಬಿಲ್ ಮಾಡಿಸುವ ಮೊದಲು ಅಲ್ಲೇ ಕೇಳಿ. ಆಗದಿದ್ದರೆ ಅವರ ಕೈಯಿಂದಲೇ ಮಾಡಿಸಿಕೊಂಡು ರೈಲು ಹತ್ತಿ.