ಹೋಳಿಗೆ ತಿನ್ನುವಾಗ ಬರುವ ಕಣ್ಣೀರು

ಕಳೆದ ಬೇಸಿಗೆಯಲ್ಲಿ ನೀರ್ಚಾಲು ಕಡೆ ಒಂದು ಮದುವೆಗೆ ಹೋಗಿದ್ದೆ. ಎಲೆಯ ಮುಂದೆ ಕೂತು, ಸಾರನ್ನ ಕಲಸಿ ಬಾಯಿಗಿಟ್ಟದ್ದೇ ತಡ, ಎಡಗಣ್ಣಿನಿಂದ ನೀರು ಇಳಿಯತೊಡಗಿತು. ಎಡಗಣ್ಣು ಮಾತ್ರ. ಹೋಳಿಗೆ ಬಡಿಸುವವರು ಬರುವಷ್ಟರಲ್ಲಿ ಸೆರಗಿನ ತುದಿ ಒದ್ದೆ. ಎದುರು ಸಾಲಿನ ಅಜ್ಜಿಯೊಬ್ಬರು ನನ್ನನ್ನೇ ನೋಡುತ್ತಿದ್ದರು. ಕೈ ತೊಳೆಯುವಲ್ಲಿ ಹತ್ತಿರ ಬಂದು ಬೆನ್ನು ಸವರಿದರು. "ಬೇಜಾರು ಮಾಡ್ಬೇಡ ಮಗಾ, ಹುಡುಗಿ ಒಳ್ಳೆ ಮನೆಗೇ ಹೋಗ್ತಾ ಇದ್ದಾಳೆ."

ನಾನು ಹೋದದ್ದು ಗಂಡಿನ ಕಡೆಯಿಂದ. ಹುಡುಗಿಯನ್ನು ಮೊದಲು ನೋಡಿದ್ದೇ ಆವತ್ತು. ಆದರೂ "ಹೌದಜ್ಜಿ" ಎಂದೆ. ಅಷ್ಟು ಪ್ರೀತಿಯಿಂದ ಸಮಾಧಾನ ಹೇಳುವವರಿಗೆ ಏಳನೇ ನರದ, ಅಂದರೆ ಮುಖವನ್ನು ಅಲುಗಿಸುವ ನರದ, ಕಥೆಯನ್ನು ಎಲ್ಲಿಂದ ಶುರು ಮಾಡುವುದು?

ಆ ಕಥೆ ಶುರುವಾದದ್ದು ಒಂದು ಮಳೆಗಾಲದಲ್ಲಿ. ಹಿಂದಿನ ದಿನ ಎಡಗಿವಿಯ ಹಿಂದೆ ಸಣ್ಣ ನೋವಿತ್ತು. ಮಿಕ್ಸಿಯ ಸದ್ದು ಯಾಕೋ ಜಾಸ್ತಿ ಕೇಳಿಸುತ್ತಿತ್ತು. ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಿದರೆ ನೀರು ಬಾಯಲ್ಲಿ ನಿಲ್ಲಲಿಲ್ಲ. ಎಡಬದಿಯಿಂದ ಸುಮ್ಮನೆ ಸೋರಿ ಹೋಯಿತು. ಕನ್ನಡಿಯಲ್ಲಿ ನೋಡಿದರೆ ಅರ್ಧ ಮುಖ ನನ್ನದು, ಇನ್ನರ್ಧ ಯಾರದೋ. ಎಡಗಣ್ಣು ಮುಚ್ಚಲು ಹೋದರೆ ರೆಪ್ಪೆ ಕೆಳಗೆ ಬರಲಿಲ್ಲ. ಗುಡ್ಡೆ ಮಾತ್ರ ಮೇಲೆ ಹೊರಳಿತು.

ಪಾರ್ಶ್ವವಾಯು ಎಂದೇ ಮನೆಯವರೆಲ್ಲ ಹೆದರಿದರು. ಕಾಸರಗೋಡಿನ ಡಾಕ್ಟರು ಅರ್ಧ ಮಲೆಯಾಳ, ಅರ್ಧ ಕನ್ನಡದಲ್ಲಿ ಕೈ ಎತ್ತಲು ಹೇಳಿದರು, ನಡೆಸಿ ನೋಡಿದರು. ಆಮೇಲೆ ಹುಬ್ಬು ಏರಿಸಲು ಹೇಳಿದರು. ಬಲಗಡೆ ಹಣೆಯಲ್ಲಿ ನೆರಿಗೆ ಬಿತ್ತು, ಎಡಗಡೆ ನುಣ್ಣಗೆ ಹಾಗೇ ಇತ್ತು. ಅವರ ಮುಖ ಸಡಿಲವಾದದ್ದು ಆಗಲೇ. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಬದಿಯಿಂದ ಆದೇಶ ಬರುತ್ತದಂತೆ. ಹಾಗಾಗಿ ಮೆದುಳಿನ ಒಂದು ಬದಿಗೆ ಪೆಟ್ಟಾದರೆ ಬಾಯಿ ಸೊಟ್ಟಗಾದರೂ ಹಣೆಯಲ್ಲಿ ಸಾಮಾನ್ಯವಾಗಿ ನೆರಿಗೆ ಬೀಳುತ್ತದೆ. ಹಣೆಯೂ ಅಲುಗದಿದ್ದರೆ ತೊಂದರೆ ಮುಖದ ನರದಲ್ಲೇ ಇರುವ ಸಂಭವ ಹೆಚ್ಚು. ನೆರಿಗೆಯೇ ಇಲ್ಲದ ಹಣೆ ಇಷ್ಟು ಒಳ್ಳೆಯ ಸುದ್ದಿ ಕೊಟ್ಟೀತೆಂದು ಗೊತ್ತಿರಲಿಲ್ಲ.

ಬೆಲ್ಸ್ ಪಾಲ್ಸಿ. ಸ್ಕಾಟ್ಲೆಂಡಿನ ಸರ್ಜನ್ ಚಾರ್ಲ್ಸ್ ಬೆಲ್ ಅವರ ಹೆಸರು ಅದಕ್ಕೆ. ಮುಖದ ನರಗಳ ಬಗ್ಗೆ 1821ರಲ್ಲೇ ಬರೆದವರು ಅವರು. ಕಿವಿಯ ಹಿಂದಿನ ಎಲುಬಿನೊಳಗೆ ಒಂದು ಇಕ್ಕಟ್ಟಾದ ದಾರಿಯಿದೆ, ಮುಖದ ನರ ಅದರಲ್ಲೇ ಹಾದು ಬರಬೇಕು. ನರ ಊದಿಕೊಂಡರೆ ಅಲ್ಲಿ ಜಾಗ ಇಲ್ಲ, ಒತ್ತಡಕ್ಕೆ ಸಿಕ್ಕಿ ಕೆಲಸ ನಿಲ್ಲಿಸುತ್ತದೆ. ಮೈಯಲ್ಲಿ ಮೊದಲೇ ಅಡಗಿದ್ದ ಹರ್ಪಿಸ್ ವೈರಸ್ ಮತ್ತೆ ಎದ್ದು ಹೀಗಾಗುವುದುಂಟಂತೆ. ಸಕ್ಕರೆ ಕಾಯಿಲೆ ಇದೆಯಾ ಎಂದು ರಕ್ತ ನೋಡಿದರು. ಊತ ಇಳಿಸುವ ಪ್ರೆಡ್ನಿಸೊಲೋನ್ ಮಾತ್ರೆ ಬರೆದರು. 72 ಗಂಟೆಯೊಳಗೆ ಶುರು ಮಾಡಿದರೆ ಅದರಿಂದ ಪ್ರಯೋಜನ ಹೆಚ್ಚು ಎಂದರು. ಹಗಲು ಕಣ್ಣಿಗೆ ಹನಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆಗೆ ಟೇಪು.

ಮನೆಗೆ ಬಂದ ಮೇಲೆ ಸಲಹೆಗಳ ಸುರಿಮಳೆ. ಗಾಳಿ ಹೊಡೆದದ್ದು ಎಂದರು ಒಬ್ಬರು, ಎಣ್ಣೆ ತಿಕ್ಕು ಎಂದರು ಇನ್ನೊಬ್ಬರು. ಮಧೂರು ಗಣಪತಿಗೆ ಒಂದು ಅಪ್ಪದ ಸೇವೆ ಹೇಳಿಕೋ ಎಂದರು ಅತ್ತೆ. ಅದನ್ನು ಮಾತ್ರ ಹೇಳಿಕೊಂಡೆ. ಅಪ್ಪ ರುಚಿಯಾಗಿರುತ್ತದೆ, ಅಲ್ವಾ? ಆದರೆ ಆಗ ನಾಲಗೆಯ ಎಡಬದಿಗೆ ರುಚಿಯೇ ಇರಲಿಲ್ಲ.

ನಾನು ಬದಿಯಡ್ಕ ಕಡೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ತುಟಿ ಕೂಡದೆ ಪ, ಬ, ಮ ಬರುವುದಿಲ್ಲ. ಕನ್ನಡ ಟೀಚರಿಗೆ ಪವರ್ಗವೇ ಹೋದರೆ ಪಾಠ ಮಾಡುವುದು ಹೇಗೆ? ರಜೆ ಮುಗಿಸಿ ಹೋದ ಮೇಲೂ ಕೆಲವು ಕಾಲ ಬೆರಳಿನಿಂದ ಕೆನ್ನೆ ಒತ್ತಿ ಹಿಡಿದೇ ಮಾತಾಡುತ್ತಿದ್ದೆ.

ಮದ್ದಿಲ್ಲದೆಯೂ ನೂರರಲ್ಲಿ ಸುಮಾರು 70 ಮಂದಿಗೆ ಇದು ಪೂರ್ತಿ ವಾಸಿಯಾಗುತ್ತದೆ. ಬೇಗ ಮದ್ದು ಸಿಕ್ಕಿದರೆ ಇನ್ನೂ ಹೆಚ್ಚು ಮಂದಿಗೆ. ನಾನು ಮಾತ್ರ ಉಳಿದವರ ಸಾಲಿಗೆ ಬಿದ್ದೆ. ನಗು ಬಂತು, ಕಣ್ಣು ಮುಚ್ಚಿತು, ಪವರ್ಗವೂ ಬಂತು. ಎಲ್ಲರೂ "ಗುಣ ಆಯ್ತಲ್ಲ" ಎಂದರು. ಅದಾದ ಮೇಲೆಯೇ ಹೊಸ ಉಪದ್ರ ಶುರು. ಪೆಟ್ಟಾದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಬೆಳೆಯುವಾಗ ಕೆಲವು ಎಳೆಗಳು ದಾರಿ ತಪ್ಪುತ್ತವೆ. ನಮ್ಮ ಅಡಿಕೆ ತೋಟದಲ್ಲಿ ಪೈಪಿನ ಕೆಲಸ ಆದ ಮೇಲೆ ಮೇಲಿನ ತೋಟದ ವಾಲ್ವ್ ತಿರುಗಿಸಿದರೆ ಕೆಳಗಿನ ತೋಟದಲ್ಲಿ ನೀರು ಚಿಮ್ಮಿತ್ತು, ಹಾಗೇ ಇದು. ಜೊಲ್ಲಿನ ಗ್ರಂಥಿಗೆ ಹೋಗಬೇಕಾದ ಎಳೆ ಕಣ್ಣೀರಿನ ಗ್ರಂಥಿಗೆ ಹೋಗಿ ಸೇರಿದೆ. ಬಾಯಿಗೆ ರುಚಿ ತಾಗಿದರೆ ಕಣ್ಣಲ್ಲಿ ನೀರು. ಡಾಕ್ಟರುಗಳೂ ಇದನ್ನು ಮೊಸಳೆ ಕಣ್ಣೀರು ಎಂದೇ ಕರೆಯುತ್ತಾರೆ.

ತುಟಿಯ ಎಳೆ ಕಣ್ಣಿಗೆ ಹೋದದ್ದು ಮೊದಲು ಗೊತ್ತಾದದ್ದು ಮಕ್ಕಳಿಗೆ. ಐದನೇ ಕ್ಲಾಸಿನಲ್ಲಿ ಉಕ್ತಲೇಖನ ಕೊಡುತ್ತಿದ್ದೆ. ಪುಸ್ತಕ, ಹೂವು, ಗುಬ್ಬಿ. ಹಿಂದಿನ ಬೆಂಚಿನಲ್ಲಿ ಕಿಸಕಿಸ ನಗು. "ಎಂತ?" ಎಂದು ಕೇಳಿದೆ. ಒಬ್ಬ ಎದ್ದು ನಿಂತು, "ಟೀಚರೇ, ನೀವು ಪುಸ್ತಕ ಅಂದ್ರೆ ಕಣ್ಣು ಹೊಡೀತೀರಿ" ಎಂದ. ತುಟಿ ಮುಂದೆ ಬಂದಾಗೆಲ್ಲ ಎಡಗಣ್ಣು ತಾನಾಗಿ ಕಿರಿದಾಗುತ್ತಿತ್ತು. ಮಕ್ಕಳಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ, ಬೋರ್ಡಿನಲ್ಲಿ ನರದ ಚಿತ್ರ ಬರೆದೂ ತೋರಿಸಿದೆ. ಅವರಿಗೆ ಅದು ವಿಜ್ಞಾನ ಪಾಠಕ್ಕಿಂತ ಖುಷಿ ಕೊಟ್ಟಿತು. ದೊಡ್ಡವರ ಹತ್ತಿರ ಹೀಗೆ ಹೇಳುವುದು ಕಷ್ಟ. ಸ್ಟಾಫ್ ರೂಮಿನಲ್ಲಿ ನಕ್ಕರೆ ಕಣ್ಣು ಮಿಟುಕಿದ ಹಾಗೆ ಕಾಣುತ್ತದೆ, ಸುಮ್ಮನೆ ಕೂತರೆ ಸಿಟ್ಟು ಬಂದ ಹಾಗೆ. ನಾನು ಕಳಿಸದ ಸಂದೇಶಗಳೆಲ್ಲ ನನ್ನ ಮುಖದಿಂದ ಹೋಗುತ್ತಿರುತ್ತವೆ.

ಮಂಗಳೂರಿನ ಫಿಸಿಯೋಥೆರಪಿಸ್ಟ್ ಒಬ್ಬರಲ್ಲಿಗೆ ಹೋಗುತ್ತಿದ್ದೆ. 66ನೇ ಹೆದ್ದಾರಿ ಅಗಲ ಮಾಡುವ ಕೆಲಸದ ಧೂಳು ತಲಪಾಡಿ ದಾಟುವವರೆಗೂ. ಸರಿಯಾಗಿ ಮುಚ್ಚದ ಕಣ್ಣಿಗೆ ಆ ಬಸ್ಸಿನ ಕಿಟಕಿ ಸೀಟು ಒಂದು ಶಿಕ್ಷೆ. ಮುಖಕ್ಕೆ ಬಲವಂತದ ವ್ಯಾಯಾಮ ಬೇಡ ಎಂದರು ಅವರು. ಬಬಲ್ ಗಮ್ ಜಗಿಯುವುದು, ಬಲೂನು ಊದುವುದು ಎಲ್ಲ ನಿಲ್ಲಿಸಿ ಎಂದರು. ಜೋರು ಮಾಡಿದರೆ ತಪ್ಪು ಚಲನೆಯೇ ಗಟ್ಟಿಯಾಗುತ್ತದಂತೆ. ಕನ್ನಡಿಯ ಮುಂದೆ ಕೂತು ಸಣ್ಣಕ್ಕೆ, ನಿಧಾನವಾಗಿ ತುಟಿ ಮುಂದೆ ತರಬೇಕು, ಕಣ್ಣು ಅಗಲವಾಗಿಯೇ ಇರಬೇಕು. ಬೇಸರದ ಕೆಲಸ. ಆದರೆ ಕೆನ್ನೆಯ ಬಿಗಿತ ಕಡಿಮೆಯಾಗಿದೆ. ಬಿಗಿದ ಸ್ನಾಯು ಸಡಿಲಾಗಲು ಬೊಟಾಕ್ಸ್ ಚುಚ್ಚಿಸಿಕೊಳ್ಳಬಹುದು ಎಂದೂ ಹೇಳಿದ್ದಾರೆ. ಕೆಲವು ತಿಂಗಳಿಗೊಮ್ಮೆ ಮತ್ತೆ ಚುಚ್ಚಿಸಬೇಕು ಎಂದ ಕೂಡಲೇ ನಾನು ಹಿಂದೆ ಸರಿದೆ. ಸಂಜೆ ದಣಿದಾಗ ಕಣ್ಣು ಇನ್ನೂ ಕಿರಿದಾಗುತ್ತದೆ, ಆಗ ಫೋಟೋ ತೆಗೆಸುವುದಿಲ್ಲ, ಅಷ್ಟೇ.

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಪೇಟೆಯಲ್ಲಿ ರಿಕ್ಷಾ ಓಡಿಸುವವನು. ಬಾಯಿ ಬಲಕ್ಕೆ ಎಳೆದುಕೊಂಡಿತ್ತು.

"ಟೀಚರೇ, ಬೆಳಗ್ಗೆ ಎದ್ದು ನೋಡಿದ್ರೆ ಹೀಗೆ. ನೀವು ಯಾವ ಎಣ್ಣೆ ಹಚ್ಚಿದ್ದು?"

"ಎಣ್ಣೆ ಆಮೇಲೆ ನೋಡುವ. ಈಗಲೇ ಆಸ್ಪತ್ರೆಗೆ ಹೋಗು. ಏನು ಅಂತ ಡಾಕ್ಟರೇ ಹೇಳ್ಬೇಕು. ನೀನು ಓಡಿಸ್ಬೇಡ, ಬೇರೆಯವರ ರಿಕ್ಷಾದಲ್ಲಿ ಹೋಗು."

"ನಿಮ್ಮದೇ ಆಗಿದ್ರೆ ಪೂರ್ತಿ ಸರಿ ಆಗ್ತದಾ?"

"ಹೆಚ್ಚಿನವರಿಗೆ ಆಗ್ತದೆ."

"ನಿಮಗೆ?"

"ಮುಕ್ಕಾಲು."

ಅವನು ನನ್ನ ಮುಖವನ್ನು ಒಮ್ಮೆ ಸರಿಯಾಗಿ ನೋಡಿದ. "ಮುಕ್ಕಾಲು ಸಾಕು ಟೀಚರೇ. ಬಾಡಿಗೆ ಕೇಳುವಷ್ಟು ಬಾಯಿ ತಿರುಗಿದ್ರೆ ಆಯ್ತು" ಎಂದು ಗೆಳೆಯನ ರಿಕ್ಷಾ ಹತ್ತಿದ.