ಜೀಗುಜ್ಜೆಯ ಜಾಡು ಹಿಡಿದು ಪಿಟ್‌ಕೇರ್ನ್‌ವರೆಗೆ

ನನ್ನ ಪಾಸ್‌ಪೋರ್ಟಿನಲ್ಲಿ ನಾನು ಕಾಲೇ ಇಡದ ಒಂದು ಊರಿನ ಮುದ್ರೆ ಉಂಟು. ಇವರ ಪಾಸ್‌ಪೋರ್ಟಿನಲ್ಲಿ ಇಲ್ಲ. “ಇಳಿಯದ ಊರಿನ ಸೀಲು ಹಾಕಿಸಿಕೊಂಡರೆ ನಾಳೆ ವೀಸಾದವರು ಕೇಳಿದಾಗ ಎಂಥ ಹೇಳುವುದು ಮಾರಾಯ್ತಿ?” ಎಂದು ಇವರು ಅಂಗಿ ಕಿಸೆಯನ್ನು ಒತ್ತಿ ಹಿಡಿದು ನಿಂತುಬಿಟ್ಟರು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಸೀಲು ಒತ್ತಿದ ಕೈ ಅದು. ನಾನೋ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು. ಭೂಪಟದಲ್ಲಿ ನೊಣ ಕೂತು ಎದ್ದ ಗುರುತಿನಷ್ಟೂ ಕಾಣದ ಜಾಗದ ಮುದ್ರೆ ಸಿಗುವಾಗ ಬಿಡುವುದುಂಟೇ? ಡಾಲರ್ ಕೊಟ್ಟೇ ಹಾಕಿಸಿಕೊಂಡೆ.

ಆ ಜಾಗ ಪಿಟ್‌ಕೇರ್ನ್. ಪೆಸಿಫಿಕ್ ಸಾಗರದ ದಕ್ಷಿಣ ಭಾಗದಲ್ಲಿ, ತಾಹಿಟಿಯಿಂದ ಆಗ್ನೇಯಕ್ಕೆ ಸುಮಾರು 2,170 ಕಿ.ಮೀ. ಐದು ಚದರ ಕಿ.ಮೀ.ಗೂ ಕಡಿಮೆ ನೆಲ, ಐವತ್ತಕ್ಕೂ ಕಡಿಮೆ ಜನ. ಆಳುವುದು ಬ್ರಿಟನ್, ಚಲಾವಣೆಯಲ್ಲಿರುವುದು ನ್ಯೂಜಿಲೆಂಡ್ ಡಾಲರ್. ವಿಮಾನ ಇಳಿಯಲು ಜಾಗ ಇಲ್ಲ, ಬಂದರು ಎಂದು ಹೇಳುವಂಥದ್ದೂ ಇಲ್ಲ.

ಆಕ್ಲೆಂಡಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಅವನೇ ಈ ಪ್ರಯಾಣ ಗೊತ್ತು ಮಾಡಿದ್ದು. ತಾಹಿಟಿಯ ಪಪೇಟೆಯಲ್ಲಿ ಹಡಗು ಹತ್ತುವುದು, ಚಿಲಿಯಲ್ಲಿ ಇಳಿಯುವುದು. ಆಕ್ಲೆಂಡಿನಿಂದ ಪಪೇಟೆಗೆ ವಿಮಾನದಲ್ಲಿ ಐದು ಗಂಟೆ. ನಡುವೆ ದಿನಾಂಕರೇಖೆ ದಾಟುವುದರಿಂದ ಮಂಗಳವಾರ ಹೊರಟವರು ಸೋಮವಾರ ತಲುಪಿದೆವು. ಸೋಮವಾರದ ಬಿಪಿ ಮಾತ್ರೆ ಒಮ್ಮೆ ತೆಗೆದುಕೊಂಡಾಗಿದೆ, ಇನ್ನೊಮ್ಮೆ ತೆಗೆದುಕೊಳ್ಳಬೇಕಾ ಎಂಬುದು ಇವರ ಚಿಂತೆ.

ಮಗ ಪಟ್ಟಿ ಓದುತ್ತ “ಪಿಟ್‌ಕೇರ್ನ್” ಎಂದಾಗ ನಾನು ಕಣ್ಣು ಮುಚ್ಚಿ ಹೂಂ ಅಂದೆ. ಕಾರಣ ಜೀಗುಜ್ಜೆ.

ಪುತ್ತೂರಿನಲ್ಲಿ ನಮ್ಮ ಬಾವಿಕಟ್ಟೆಯ ಹತ್ತಿರ ಒಂದು ಜೀಗುಜ್ಜೆ ಮರ ಉಂಟು. ಕಾಯಿ ಬಲಿಯುವ ಹೊತ್ತಿಗೆ ಪೋಡಿ, ಪಲ್ಯ, ಹುಳಿ. ಆಮೇಲೆ ಯಾರಿಗೂ ಬೇಡವಾಗಿ ನೆರೆಮನೆಯವರಿಗೆ ಒತ್ತಾಯದ ದಾನ. ತುಳುವಿನಲ್ಲಿ ಗುಜ್ಜೆ ಎಂದರೆ ಎಳೆ ಹಲಸು. ಬೇರೆ ಕಡೆಯ ಕನ್ನಡದವರು ಇದನ್ನೇ ದೀವಿಹಲಸು ಎನ್ನುತ್ತಾರೆ. ದೀವಿ ಎಂದರೆ ದ್ವೀಪ. ಹೆಸರೇ ಕೂಗಿ ಹೇಳುತ್ತಿದ್ದರೂ ಯಾವ ದ್ವೀಪದ ಹಲಸಪ್ಪಾ ಇದು ಎಂದು ನಾನು ತಲೆ ಕೆಡಿಸಿಕೊಂಡದ್ದು ಬೌಂಟಿ ಹಡಗಿನ ದಂಗೆಯ ಬಗ್ಗೆ ಓದಿದ ಮೇಲೆ.

ಬೌಂಟಿ 1787ರಲ್ಲಿ ಇಂಗ್ಲೆಂಡ್ ಬಿಟ್ಟದ್ದು ಯುದ್ಧಕ್ಕಲ್ಲ, ಗಿಡ ತರುವುದಕ್ಕೆ. ತಾಹಿಟಿಯ ಜೀಗುಜ್ಜೆಯನ್ನು ವೆಸ್ಟ್ ಇಂಡೀಸಿನ ತೋಟಗಳಿಗೆ ಮುಟ್ಟಿಸಿದರೆ ಅಲ್ಲಿನ ಗುಲಾಮರ ಹೊಟ್ಟೆಯನ್ನು ಅಗ್ಗದಲ್ಲಿ ತುಂಬಿಸಬಹುದು ಎಂಬ ಲೆಕ್ಕ. ಜೀಗುಜ್ಜೆಗೆ ಬೀಜ ಇಲ್ಲ, ಬೇರಿನಲ್ಲಿ ಒಡೆದ ಸಸಿಯೇ ಆಗಬೇಕು. ಆ ಸಸಿಗಳು ಕುಂಡದಲ್ಲಿ ಬೇರು ಹಿಡಿಯಲಿ ಎಂದು ಕಪ್ತಾನ ವಿಲಿಯಂ ಬ್ಲೈ ತಾಹಿಟಿಯಲ್ಲಿ ಐದು ತಿಂಗಳು ಕಾದ. ಅಷ್ಟರಲ್ಲಿ ನಾವಿಕರೂ ಅಲ್ಲಿ ಬೇರು ಬಿಟ್ಟಾಗಿತ್ತು. 1,015 ಗಿಡ ತುಂಬಿಕೊಂಡು ಹೊರಟು ಮೂರು ವಾರ ಆಗಿತ್ತಷ್ಟೇ. 1789ರ ಏಪ್ರಿಲ್ 28ರಂದು ಫ್ಲೆಚರ್ ಕ್ರಿಶ್ಚಿಯನ್ ಎಂಬ ಅಧಿಕಾರಿ ದಂಗೆ ಎದ್ದು, ಬ್ಲೈಯನ್ನೂ ಅವನ ಕಡೆಯ 18 ಮಂದಿಯನ್ನೂ ತೆರೆದ ದೋಣಿಗೆ ಇಳಿಸಿದ. ಗಿಡಗಳನ್ನು ಸಮುದ್ರಕ್ಕೆ ಎಸೆದರು. ಬ್ಲೈ ಛಲದ ಮನುಷ್ಯ. ಆ ದೋಣಿಯಲ್ಲೇ ತಿಮೋರ್ ತಲುಪಿ, ಊರಿಗೆ ಹೋಗಿ, ಇನ್ನೊಂದು ಹಡಗು ತಂದು, 1793ರಲ್ಲಿ ಜೀಗುಜ್ಜೆಯನ್ನು ವೆಸ್ಟ್ ಇಂಡೀಸಿಗೆ ಮುಟ್ಟಿಸಿಯೇ ಬಿಟ್ಟ. ಅಲ್ಲಿಯವರು ಮೊದಮೊದಲು ಅದನ್ನು ಬಾಯಿಗೇ ಹಾಕಲಿಲ್ಲವಂತೆ. ಪೋಡಿ ಮಾಡುವುದನ್ನು ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ.

ದಂಗೆ ಎದ್ದವರಿಗೆ ಸಿಕ್ಕಿಬಿದ್ದರೆ ಗಲ್ಲು. ಪಿಟ್‌ಕೇರ್ನನ್ನು 1767ರಲ್ಲೇ ಬ್ರಿಟಿಷ್ ಹಡಗೊಂದು ಕಂಡಿತ್ತು. ಆದರೆ ನಕ್ಷೆಯಲ್ಲಿ ಅದನ್ನು ನಿಜವಾದ ಜಾಗಕ್ಕಿಂತ 300 ಕಿ.ಮೀ.ಗೂ ದೂರ ಗುರುತು ಹಾಕಿದ್ದರು. ಅಡಗಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ವಿಳಾಸ ಬೇಕಾ? ಕ್ರಿಶ್ಚಿಯನ್ ಸೇರಿ ಒಂಬತ್ತು ದಂಗೆಕೋರರು, ಆರು ಮಂದಿ ಪಾಲಿನೇಷ್ಯದ ಗಂಡಸರು, ತಾಹಿಟಿಯ ಹೆಂಗಸರು, ಒಂದು ಕೂಸು 1790ರ ಜನವರಿಯಲ್ಲಿ ಇಲ್ಲಿ ಇಳಿದು, ಇದ್ದ ಒಂದು ಹಡಗಿಗೂ ಬೆಂಕಿ ಹಚ್ಚಿದರು. ಹೆಂಗಸರಲ್ಲಿ ಹೆಚ್ಚಿನವರಿಗೆ ಎಲ್ಲಿಗೆ ಹೋಗುತ್ತಿದ್ದೇವೆ ಎಂದೇ ಗೊತ್ತಿರಲಿಲ್ಲ. ಅವರು ಹಡಗಿನಲ್ಲಿ ಇರುವಾಗಲೇ ಲಂಗರು ಕತ್ತರಿಸಿ ಹೊರಟಿದ್ದರು.

ಪಪೇಟೆ ಬಿಟ್ಟ ಮೂರನೇ ದಿನ ಬೆಳಿಗ್ಗೆ ನಾನು ಆರು ಗಂಟೆಗೇ ಡೆಕ್ಕಿನ ಕಂಬಿ ಹಿಡಿದು ನಿಂತಿದ್ದೆ. ಮೊದಲು ಮೋಡದ ಅಡಿಯಲ್ಲಿ ಒಂದು ಕಪ್ಪು ಗಂಟು. ಗಂಟೆ ಕಳೆಯುವಾಗ ಅದಕ್ಕೆ ಹಸಿರು ಬಂತು, ಕಡಿದು ನಿಲ್ಲಿಸಿದ ಹಾಗಿನ ಬಂಡೆಗಳು ಬಂದವು, ಬಂಡೆಯ ಬುಡದಲ್ಲಿ ಬಿಳಿ ನೊರೆ ಬಂತು. ಕಡಲತೀರ ಎನ್ನುವುದು ಎಲ್ಲೂ ಇಲ್ಲ. ನಮ್ಮ ಕುದುರೆಮುಖದ ತುದಿಯೊಂದನ್ನು ಕಡಿದು ನೀರಿಗೆ ಹಾಕಿದಂತೆ.

ನಾನು ಬೂಟು ಹಾಕಿ, ಕೊಡೆ ಹಿಡಿದು ತಯಾರಾಗಿದ್ದೆ. ನಮ್ಮ ಟೇಬಲಿಗೆ ಬಡಿಸುವ ಹುಡುಗ ಅದನ್ನು ನೋಡಿ ನಕ್ಕ. ಅವನು ಮಂಗಳೂರಿನ ಕಡೆಯವ; ಇವರು ತುಳುವಿನಲ್ಲಿ ಹಡಗಿನ ಕಾಫಿಯನ್ನು ಬೈಯುವುದು ಕೇಳಿ ಮೊದಲ ದಿನವೇ ಸಿಕ್ಕಿಬಿದ್ದಿದ್ದ. “ಎಲ್ಲಿಗೆ ಟೀಚರ್? ಇಲ್ಲಿ ಇಳಿಸುವುದಿಲ್ಲ. ನಾನು ನಾಲ್ಕು ಸಲ ಬಂದಿದ್ದೇನೆ, ಒಂದು ಸಲವೂ ಮಣ್ಣು ಮುಟ್ಟಲಿಲ್ಲ.” ಟಿಕೆಟಿನ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಅದೇ ಬರೆದಿತ್ತು, ದ್ವೀಪ ನೋಡುವುದು ಮಾತ್ರ ಎಂದು. ನಾವು ಎರಡು ಸಾವಿರದಷ್ಟು ಪ್ರಯಾಣಿಕರು. ಅಲ್ಲಿರುವುದು ಬೌಂಟಿ ಬೇ ಎಂಬ ಕೊಲ್ಲಿಯಲ್ಲಿ ಒಂದು ಪುಟ್ಟ ಕಟ್ಟೆ, ಅಲ್ಲಿಂದ ಆಡಮ್ಸ್‌ಟೌನ್ ಎಂಬ ಏಕೈಕ ಊರಿಗೆ ಹತ್ತುವ ಕಡಿದಾದ ದಾರಿ. ಆ ಏರಿನ ಹೆಸರೇ ‘ಕಷ್ಟದ ಗುಡ್ಡ’. ಸಿಟ್ಟು ಬರಲಿಲ್ಲ ಎಂದರೆ ಸುಳ್ಳು. ಜೀಗುಜ್ಜೆ ಮರದ ಕೆಳಗೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕೆಂದು ಪುತ್ತೂರಿನಿಂದಲೇ ಸೀರೆ ತಂದಿದ್ದೆ.

ಎಂಟೂವರೆಗೆ ದೋಣಿ ಕಾಣಿಸಿತು. ಅಲೆ ಎದ್ದಾಗ ಇದೆ, ಬಿದ್ದಾಗ ಇಲ್ಲ. ಲಾಂಗ್‌ಬೋಟ್ ಎನ್ನುತ್ತಾರೆ, ಮೊದಲು ಮರದ್ದಿತ್ತು, ಈಗ ಅಲ್ಯೂಮಿನಿಯಂ. ಅದರ ತುಂಬ ಜನ, ಜನರ ಕಾಲಡಿಯಲ್ಲಿ ಟಾರ್ಪಾಲು ಹೊದಿಸಿದ ಪೆಟ್ಟಿಗೆಗಳು. ಹಡಗಿನ ಪಕ್ಕದಿಂದ ಹಗ್ಗದ ಏಣಿ ಇಳಿಬಿಟ್ಟರು. ದೋಣಿ ಮೇಲಕ್ಕೆ ಏಳುವ ಕ್ಷಣ ನೋಡಿ ಏಣಿ ಹಿಡಿಯಬೇಕು. ಒಂದು ಉಸಿರು ತಡವಾದರೆ ದೋಣಿ ಕಾಲ ಕೆಳಗಿನಿಂದ ಜಾರಿ ಆಳುದ್ದ ಕೆಳಗೆ ಹೋಗುತ್ತದೆ. ನನ್ನ ಪ್ರಾಯದ ಒಬ್ಬ ಹೆಂಗಸು, ಅರುವತ್ತು ದಾಟಿದವರು, ನಾವು ಬಸ್ಸು ಹತ್ತುವ ಹಾಗೆ ಹತ್ತಿ ಬಂದರು. ನಾನು ಮನಸ್ಸಿನಲ್ಲೇ ಕೊಡೆ ಮಡಚಿದೆ.

ದ್ವೀಪದ ಹೆಚ್ಚುಕಡಿಮೆ ಎಲ್ಲರೂ ಬಂದಿದ್ದರು. ನಮ್ಮ ಹಡಗಿನ ಪಾತ್ರೆ ತೊಳೆಯುವವರನ್ನು ಒಟ್ಟು ಮಾಡಿದರೂ ಅವರಿಗಿಂತ ಹೆಚ್ಚಾಗಬಹುದು. ಅರ್ಧ ಗಂಟೆಯಲ್ಲಿ ಈಜುಕೊಳದ ಸುತ್ತ ಮೇಜು ಹಾಕಿ, ಪುತ್ತೂರು ಜಾತ್ರೆಯ ಗದ್ದೆಯ ಹಾಗೆ ಸಂತೆ ಕಟ್ಟಿಬಿಟ್ಟರು. ಜೇನು, ಟೀ ಶರ್ಟು, ಅಂಚೆಚೀಟಿ, ಮರದ ಕೆತ್ತನೆ. ಒಂದು ಮೂಲೆಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವವರು. ಅಲ್ಲೇ ಉದ್ದದ ಸಾಲು. 1940ರಿಂದ ಸ್ವಂತ ಅಂಚೆಚೀಟಿ ಹೊರಡಿಸುತ್ತಾರೆ; ದೇಶದೇಶಗಳ ಸಂಗ್ರಾಹಕರು ಕೊಳ್ಳುತ್ತಿದ್ದ ಕಾಲದಲ್ಲಿ ದ್ವೀಪದ ಖರ್ಚು ಬಹುಮಟ್ಟಿಗೆ ಅದರಿಂದಲೇ ನಡೆಯುತ್ತಿತ್ತು. ಈಗ ಪತ್ರ ಬರೆಯುವವರು ಯಾರು?

ಇವರು ಕೆತ್ತನೆಯ ಮೇಜಿಗೆ ಅಂಟಿಕೊಂಡರು. ಹಾರುವ ಮೀನೊಂದು, ರೆಕ್ಕೆ ಎಷ್ಟು ತೆಳ್ಳಗೆ ಎಂದರೆ ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಆಚೆ ಕಾಣಬಹುದೇನೋ ಅನ್ನಿಸುತ್ತದೆ. ಕೆಂಪು ಕಂದು ಮರದಲ್ಲಿ ಒಂದು ಬದಿಗೆ ಮಾತ್ರ ಬಿಳಿ ಗೆರೆ ಓಡಿತ್ತು, ಕೆತ್ತಿದವನು ಅದನ್ನು ಸರಿಯಾಗಿ ಹೊಟ್ಟೆಯ ಕಡೆಗೆ ಬರಿಸಿದ್ದ. ಯಾವ ಮರ ಎಂದು ಕೇಳಿದರೆ ‘ಮೀರೊ’. ಪಕ್ಕದಲ್ಲಿ ಮರದ ಫೋಟೋ ಇಟ್ಟಿದ್ದರು: ಹೃದಯದಾಕಾರದ ಎಲೆ, ದಾಸವಾಳದಂಥ ಹಳದಿ ಹೂ. “ಅಲ್ವೇ, ಇದು ನಮ್ಮ ಹೂವರಸಿ ಅಲ್ಲವಾ!” ಎಂದರು ಇವರು. ಹೌದು, ನಮ್ಮ ಕಡಲಕರೆಯ ಹೂವರಸಿಯೇ. ಇಲ್ಲಿ ಅದು ಸಾಲದೆ ಸುಮಾರು 200 ಕಿ.ಮೀ. ಆಚೆಯ ಜನವಿಲ್ಲದ ಹೆಂಡರ್ಸನ್ ದ್ವೀಪಕ್ಕೆ ದೋಣಿಯಲ್ಲಿ ಹೋಗಿ ಕಡಿದು ತರುತ್ತಾರೆ. ಮೀನಿನ ಬೆಲೆ ಕೇಳಿ ಇವರು ಸಣ್ಣಗೆ ಕೆಮ್ಮಿದರು. ಕೊನೆಗೆ ಕೊಂಡರು.

ಏಣಿ ಹತ್ತಿದ ಆ ಹೆಂಗಸು ಜೇನಿನ ಮೇಜಿನಲ್ಲಿದ್ದರು. ಮಾವು, ಪೇರಳೆ, ಪನ್ನೇರಳೆ ಹೂವಿನ ಜೇನು. ದೂರದಲ್ಲಿರುವುದರಿಂದ ಇಲ್ಲಿಯ ಜೇನ್ನೊಣಗಳಿಗೆ ರೋಗ ಇಲ್ಲ, ಹೊರಗಿನ ಜೇನು ದ್ವೀಪಕ್ಕೆ ತರುವಂತಿಲ್ಲ. ನಾನು ಬಾಟಲಿ ಕೈಯಲ್ಲಿ ಹಿಡಿದು, ನನ್ನ ನಿಜವಾದ ಪ್ರಶ್ನೆ ಕೇಳಿದೆ: ನಿಮ್ಮಲ್ಲಿ ಜೀಗುಜ್ಜೆ ಉಂಟಾ?

“ಬೇಕಾದಷ್ಟು.”

“ಮರ ಎತ್ತರ ಅಲ್ಲವಾ? ಹೇಗೆ ಕೊಯ್ಯುತ್ತೀರಿ?”

ಆಕೆ ಒಂದು ಕಣ್ಣು ಮುಚ್ಚಿ, ಎರಡೂ ಕೈಯನ್ನು ಬಂದೂಕಿನ ಹಾಗೆ ಎತ್ತಿ, ಹಡಗಿನ ಹೊಗೆ ಕೊಳವೆಗೆ ಗುರಿಯಿಟ್ಟು “ಠೋ” ಎಂದರು.

ತಮಾಷೆಯಲ್ಲ. ಸಣ್ಣ ಬಂದೂಕಿನಿಂದ ತೊಟ್ಟಿಗೆ ಹೊಡೆದು ಬೀಳಿಸುವುದು ಅಲ್ಲಿಯ ಹಳೆಯ ಪದ್ಧತಿ. ನಾನು ನಮ್ಮ ದೋಟಿಯನ್ನು ವಿವರಿಸಲು ಹೊರಟೆ. ಉದ್ದದ ಬಿದಿರು, ತುದಿಗೆ ಕತ್ತಿ, ಕೆಳಗೆ ಗೋಣಿ ಹಿಡಿದು ನಿಲ್ಲುವ ಗಂಡ. ಇಂಗ್ಲಿಷಿನಲ್ಲಿ ದೋಟಿಗೆ ಏನೆನ್ನುವುದು ಹೊಳೆಯದೆ ಕೈಯಲ್ಲೇ ಅಭಿನಯಿಸಿದೆ. “ಗಂಡನ ತಲೆಯ ಮೇಲೆ ಬಿದ್ದರೆ?” ಎಂದರು. “ಒಮ್ಮೆ ಬಿದ್ದಿದೆ” ಎಂದೆ. ಆಕೆ ಪಕ್ಕದ ಮೇಜಿನವರಿಗೆ ತಮ್ಮ ಭಾಷೆಯಲ್ಲಿ ಅದನ್ನು ದಾಟಿಸಿದರು, ಮೂರು ಮೇಜು ನಕ್ಕಿತು.

ಆ ಭಾಷೆ ಪಿಟ್‌ಕರ್ನ್. ಹದಿನೆಂಟನೇ ಶತಮಾನದ ನಾವಿಕರ ಇಂಗ್ಲಿಷು, ತಾಹಿಟಿಯ ತಾಯಂದಿರ ಮಾತು ಒಟ್ಟಿಗೆ ಬೆಂದದ್ದು. ‘ವಟ್ಟವೇ ಯೂ’ ಅಂದರೆ ಹೇಗಿದ್ದೀರಿ. ‘ವೆಟ್ಲ್ಸ್’ ಅಂದರೆ ಊಟ. ಗೆಣಸು, ಬಾಳೆಕಾಯಿ ತುರಿದು ಬಾಳೆಲೆಯಲ್ಲಿ ಸುತ್ತಿ ಬೇಯಿಸುವ ‘ಪಿಲ್ಹಿ’ ಎಂಬ ತಿಂಡಿಯನ್ನು ವಿವರಿಸಿದಾಗ ನನಗೆ ನಮ್ಮ ಎಲೆ ಕಡುಬೇ ಕಣ್ಣಿಗೆ ಕಟ್ಟಿತು. ದಂಗೆಕೋರರ ಹೆಸರನ್ನು ಜಗತ್ತೆಲ್ಲ ಹೇಳುತ್ತದೆ. ಆದರೆ ಹನ್ನೊಂದು ವರ್ಷದೊಳಗೆ ಒಬ್ಬನನ್ನು ಬಿಟ್ಟು ಆ ಗಂಡಸರು ಒಬ್ಬರನ್ನೊಬ್ಬರು ಕೊಂದು, ಕುಡಿದು, ರೋಗ ಬಂದು ಮುಗಿದುಹೋದರು. ಗುಲಾಮರಂತೆ ನಡೆಸಿಕೊಂಡದ್ದಕ್ಕೆ ತಿರುಗಿ ಬಿದ್ದ ಪಾಲಿನೇಷ್ಯದವರೂ ಉಳಿಯಲಿಲ್ಲ. 1808ರಲ್ಲಿ ಅಮೆರಿಕದ ಹಡಗೊಂದು ಅಕಸ್ಮಾತ್ ಬಂದಾಗ ಇದ್ದ ದಂಗೆಕೋರ ಜಾನ್ ಆಡಮ್ಸ್ ಒಬ್ಬನೇ. ಉಳಿದವರೆಲ್ಲ ಹೆಂಗಸರು, ಮಕ್ಕಳು. ದ್ವೀಪವನ್ನು ಸಾಕಿದವರು ಆ ಹೆಂಗಸರು. ಊರಿನ ಹೆಸರು ಮಾತ್ರ ಆಡಮ್ಸ್‌ಟೌನ್.

ಇನ್ನೊಂದು ಮಾತು ಮೇಷ್ಟ್ರ ಜಾತಿಯವಳಾಗಿ ಹೇಳಲೇಬೇಕು. 1838ರಲ್ಲೇ ಇಲ್ಲಿ ಹೆಂಗಸರಿಗೂ ಮತದ ಹಕ್ಕು ಬಂತು, ಮಕ್ಕಳಿಗೆ ಶಾಲೆ ಕಡ್ಡಾಯವಾಯಿತು. ಅದೇ ದ್ವೀಪದಲ್ಲಿ 2004ರಲ್ಲಿ ನಡೆದ ವಿಚಾರಣೆಯಲ್ಲಿ ಆರು ಮಂದಿ ಗಂಡಸರು ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆ ತಪ್ಪಿತಸ್ಥರೆಂದು ತೀರ್ಪಾಯಿತು. ಹಿಂದಿನ ಸಂಜೆ ಹಡಗಿನ ಉಪನ್ಯಾಸದಲ್ಲಿ ದಂಗೆಯ ಕತೆಗೆ ಒಂದು ಗಂಟೆ ಕೊಟ್ಟವರು ಇದಕ್ಕೆ ಒಂದು ವಾಕ್ಯವನ್ನೂ ಕೊಡಲಿಲ್ಲ. ಜೇನಿನ ಮೇಜಿನ ಮುಂದೆ ನಿಂತು ನಾನೂ ಕೇಳಲಿಲ್ಲ ಅನ್ನಿ. ಸಾಮಾನು ಕೊಳ್ಳಲು ಬಂದವರಿಗೆ ಯಾವುದನ್ನು ಕೇಳುವ ಸಲಿಗೆ ಇರುತ್ತದೆ?

ಮಧ್ಯಾಹ್ನ ಅವರನ್ನು ಹಡಗಿನಲ್ಲೇ ಇಟ್ಟುಕೊಂಡು ದ್ವೀಪಕ್ಕೆ ಒಂದು ಸುತ್ತು ಬಂದೆವು. ಒಬ್ಬರು ನಕ್ಷೆ ಹಿಡಿದು ಹೆಸರು ಹೇಳುತ್ತಿದ್ದರು. ‘ಡ್ಯಾನ್ ಬಿದ್ದ ಜಾಗ’. ‘ಜಾನಿ ಬಿದ್ದದ್ದು’. ‘ಸೊಂಟ ಮುರಿದದ್ದು’. ಒಂದು ಜಾಗಕ್ಕೆ ಹೆಸರು ಬರೀ ‘ಅಯ್ಯೋ ದೇವರೇ’. ಬಿದ್ದವರ ಮೊಮ್ಮಕ್ಕಳೇ ಹೇಳುತ್ತಿರಬಹುದು ಎಂದುಕೊಂಡರೆ ನಗುವುದಕ್ಕೂ ಆಗುವುದಿಲ್ಲ, ನಗದೆ ಇರುವುದಕ್ಕೂ ಆಗುವುದಿಲ್ಲ. ಮರಗಳ ನಡುವೆ ತಗಡಿನ ಮಾಡುಗಳು ಕಂಡವು. ದುರ್ಬೀನಿನಲ್ಲಿ ನೋಡಿದರೆ ಒಂದು ಹಗ್ಗದಲ್ಲಿ ಬಟ್ಟೆ ಒಣಗುತ್ತಿತ್ತು, ಹತ್ತಿರ ಯಾರೂ ಇಲ್ಲ. ಊರಿನವರೆಲ್ಲ ನನ್ನ ಪಕ್ಕದಲ್ಲೇ ನಿಂತು ಐಸ್‌ಕ್ರೀಮ್ ತಿನ್ನುತ್ತಿದ್ದರು. ದೊಡ್ಡ ಎಲೆಯ ಒಂದು ಮರ ತೋರಿಸಿ ಜೇನಿನ ಅಮ್ಮ “ಅಗೋ, ನಿನ್ನ ಮರ” ಎಂದರು. ಅಷ್ಟು ದೂರದಿಂದ ನನಗೆ ಅದು ಜೀಗುಜ್ಜೆಯೂ ಹೌದು, ತೇಗವೂ ಹೌದು. ಕಂಡಿತು ಎಂದೆ.

ಹೋಗುವಾಗ ಅವರ ಪೆಟ್ಟಿಗೆಗಳು ಹಗುರ, ದೋಣಿ ಮಾತ್ರ ಬಂದಾಗಿನದಕ್ಕಿಂತ ಭಾರ. ಹಡಗಿನ ಅಡುಗೆಮನೆಯಿಂದ ಬಟಾಟೆ, ನೀರುಳ್ಳಿ ಚೀಲಗಳನ್ನು ಒಂದೊಂದಾಗಿ ಇಳಿಸಿದರು. ಮೇಲಿನಿಂದ ಇಳಿಸುವವರಲ್ಲಿ ನಮ್ಮ ಮಂಗಳೂರಿನ ಹುಡುಗನೂ ಇದ್ದ. ಕೊನೆಯ ಚೀಲ ಇಳಿದ ಮೇಲೆ ದೋಣಿ ಒಂದು ಸುತ್ತು ತಿರುಗಿತು. ಯಾರೋ ಹಾಡು ಎತ್ತಿದರು, ಉಳಿದವರು ಸೇರಿದರು. ಎಂಜಿನಿನ ಸದ್ದಿನಲ್ಲಿ ಅರ್ಧ ಕೇಳಿತು, ಅರ್ಧ ಕೇಳಲಿಲ್ಲ.

ಊರಿಗೆ ಬಂದ ಜೂನಿನಲ್ಲಿ ಮರ ತುಂಬ ಕಾಯಿ. ಇವರು ದೋಟಿ ಎತ್ತಿ ತುದಿಯ ಗೆಲ್ಲಿಗೆ ಚಾಚಿದ್ದೇ ಬಿದಿರು ನಡುವಿನಲ್ಲಿ ಲಟ್ಟೆಂದು ಮುರಿಯಿತು. ಗೋಣಿ ಹಿಡಿದಿದ್ದವಳು ಈ ಸಲ ನಾನು. ಇವರು ಮುರಿದ ತುಂಡನ್ನು ನೋಡಿ, ಮೇಲೆ ತೂಗುವ ಜೀಗುಜ್ಜೆಯನ್ನು ನೋಡಿ, ಒಂದು ಕಣ್ಣು ಮುಚ್ಚಿ ಎರಡೂ ಕೈ ಎತ್ತಿದರು.